ಒಂದು ಹಿಡಿ ಕಡಿಮೆ

ಬಾವಿ ದಾಟುವವರೆಗೂ ಅಚ್ಯುತನಿಗೆ ಏನೂ ಅನ್ನಿಸಿರಲಿಲ್ಲ.

ಅಚ್ಯುತ ಅಂದರೆ ನನ್ನ ಸೋದರತ್ತೆಯ ಮಗ. ಬರೋಡಾದಲ್ಲಿ ಆದದ್ದು ಇದು. ಅರವತ್ನಾಲ್ಕನೇ ಇಸವಿ, ದಸರೆ ಮುಗಿದಿತ್ತು, ದೀಪಾವಳಿ ಇನ್ನೂ ಬಂದಿರಲಿಲ್ಲ. ಆಗ ಮಂಜಲ್‌ಪುರ ಊರಾಚೆಯ ಹಳ್ಳಿ. ಬಸ್ಸು ದೊಡ್ಡ ರಸ್ತೆಯಲ್ಲೇ ಇಳಿಸಿ ಹೋಗಿಬಿಡುತ್ತಿತ್ತು. ಅಲ್ಲಿಂದ ಮುಂದೆ ಬಾವಿ, ಬಾವಿಯ ಪಕ್ಕ ಆಲದ ಮರ, ಆಮೇಲೆ ವೀಡಿ... ವೀಡಿ ಅಂದರೆ ಹುಲ್ಲಿಗೆಂದೇ ಕಾದಿಟ್ಟ ಬಯಲು. ಅದರ ನಡುವಿನ ಕಾಲುದಾರಿ ಮುಗಿದರೆ ಅವನ ಬಾಡಿಗೆ ಮನೆ.

ಮನೆಯಲ್ಲಿ ವೈದೇಹಿ ಒಬ್ಬಳೇ. ತುಂಬಿದ ಬಸುರಿ. ತೌರಿಗೆ ಹೋಗಬೇಕಾದವಳನ್ನು ರೈಲಿನ ಕುಲುಕಾಟ ಬೇಡವೆಂದು ಡಾಕ್ಟರು ತಡೆದಿದ್ದರು. ಧಾರವಾಡದಿಂದ ಅವಳ ತಾಯಿ ಮರುದಿನ ಬರುವವರಿದ್ದರು. ಬೆಳಿಗ್ಗೆಯೇ ಅವಳು ಅಂಗಲಾಚಿದ್ದಳು.

"ಇವತ್ತ ದೀಪಾ ಹಚ್ಚೂದ್ರಾಗ ಬರ್ರಿ. ಒಬ್ಬಾಕಿಗೆ ಅಂಜಿಕಿ ಬರ್ತದ."

"ಬರ್ತೀನಿ. ಹುಲ್ಲಿನ ಬಯಲದಾಗ ಗ್ವಾಡಿ ಇಲ್ಲ, ಬಾಗಲಾ ಇಲ್ಲ. ಅಲ್ಲೆ ಯಾರು ಹಿಡದು ಕೂಡಸ್ತಾರ ನನ್ನ?"

ಅವನ ನೌಕರಿಯೇ ಹುಲ್ಲಿನದು. ಸೆಂಟ್ರಲ್ ಗೌರ್ಮೆಂಟಿನ ಹುಲ್ಲುಗಾವಲು ಸರ್ವೆ. ಊರಿಗೆ ಬಂದಾಗಲೂ ಅದೇ ಮಾತು. ರಷ್ಯಾದ ಸ್ಟೆಪ್ ಹೀಗೆ, ಅಮೆರಿಕದ ಪ್ರೇರಿ ಹಾಗೆ, ಅರ್ಜೆಂಟೀನಾದ ಪಂಪಾದಲ್ಲಿ ಕುದುರೆ ಓಡಿಸಿದರೆ ದಿನವಿಡೀ ಒಂದು ಮರ ಸಿಗುವುದಿಲ್ಲವಂತೆ... ತಾನೇ ಹೋಗಿ ಬಂದವನ ಹಾಗೆ ಕೊರೆಯುತ್ತಿದ್ದ. ನಾವು ಮಜ್ಜಿಗೆ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದೆವು.

ಆ ಕೆಲಸದ ರೀತಿ ನಿಮಗೆ ಗೊತ್ತಿರಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಬ್ಬಿಣದ ಚೌಕಟ್ಟೊಂದು ಇರುತ್ತದೆ, ನಾಲ್ಕೂ ಕಡೆ ಒಂದೊಂದು ಮೀಟರು. ಅದನ್ನು ಬೆನ್ನು ತಿರುಗಿಸಿ, ನೋಡದೆ, ಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕು. ಎಲ್ಲಿ ಬಿತ್ತೋ ಅಲ್ಲಿನ ಹುಲ್ಲನ್ನು ಕೊಯ್ಯಬೇಕು. ಅಂಚಿನಿಂದ ಶುರು ಮಾಡಿ ನಡುವಿಗೆ. ಚೌಕಟ್ಟಿನೊಳಗೆ ಒಂದು ಎಸಳೂ ನಿಲ್ಲಬಾರದು. ಆಮೇಲೆ ತೂಕ.

ಅಂದು ಮಧ್ಯಾಹ್ನ ಅದೇ ವೀಡಿಯಲ್ಲಿ ಎಸೆದ. ಠಣ್ ಅಂತು. ಹುಲ್ಲಿನ ಮೇಲೆ ಬಿದ್ದ ಕಬ್ಬಿಣ ಠಣ್ ಅನ್ನುತ್ತದೆಯೇ? ಹೋಗಿ ನೋಡಿದರೆ ಹುಲ್ಲಿನೊಳಗೆ ಮೋಟು ಕಲ್ಲು. ಕುದುರೆಯ ಮೇಲೆ ಕೂತವನ ಚಿತ್ರ, ಸವೆದ ಸಿಂಧೂರ. ಅಲ್ಲಿ ಅದಕ್ಕೆ ಪಾಳಿಯಾ ಅನ್ನುತ್ತಾರೆ. ನಮ್ಮ ಕಡೆ ತುರು ಕಾಯಲು ಹೋಗಿ ಸತ್ತವನಿಗೆ ವೀರಗಲ್ಲು ನಿಲ್ಲಿಸುತ್ತಾರಲ್ಲ, ಹಾಗೆ.

ಹುಲ್ಲು ಕೊಯ್ಯಲು ಬಂದಿದ್ದ ಜೀವೀಬೆನ್ ಸೆರಗು ತಲೆಗೆಳೆದುಕೊಂಡಳು.

"ರಹೇವಾ ದೋ, ಬಿಟ್ಟುಬಿಡಿ ಸಾಹೇಬ್. ಅದು ಅವನ ದನಗಳ ಹುಲ್ಲು. ಯಾರೂ ಕೊಯ್ಯುವುದಿಲ್ಲ."

"ಬಿದ್ದ ಜಾಗ ಬಿಟ್ಟು ಬೇರೆ ಜಾಗ ಆರಿಸುವ ಹಾಗಿಲ್ಲ, ಬೆನ್. ಅದು ಕಾಯಿದೆ."

ಅವಳು ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇ ಹೋದಳು. ಅಚ್ಯುತ ತಾನೇ ಕುಕ್ಕರುಗಾಲಲ್ಲಿ ಕೂತು ಕೊಯ್ದ. ಕಲ್ಲಿನ ಬುಡದವರೆಗೂ ಕೊಯ್ದ.

ಆಫೀಸಿಗೆ ಹೋಗಿ ತೂಗಿದ. ಒಂದು ಹಿಡಿಯನ್ನು ಕಾಗದದ ಪೊಟ್ಟಣ ಕಟ್ಟಿ ಒಣಗಿಸುವ ಒಲೆಗೆ ಹಾಕಿಸಿದ. ಅದೂ ಕೆಲಸದ ಪದ್ಧತಿ. ಉಳಿದದ್ದನ್ನು ಗೋಣಿಚೀಲಕ್ಕೆ ತುಂಬಿಕೊಂಡ. ಪಕ್ಕದ ಮನೆಯ ಎಮ್ಮೆಗೆ ಹಾಕಿದರೆ ವೈದೇಹಿಗೆ ಎರಡು ಲೋಟ ಗಟ್ಟಿ ಹಾಲು ಸಿಗುತ್ತಿತ್ತು. ಅಷ್ಟರಲ್ಲಿ ಸಂಜೆಯ ಬಸ್ಸು ತಪ್ಪಿತು. ಮುಂದಿನದು ಬಂದು ಇಳಿಸುವಾಗ ಕತ್ತಲು ಕವಿದಿತ್ತು.

ಬಾವಿ ದಾಟಿದ. ಆಲದ ಮರ ದಾಟಿದ. ಹೆಗಲಲ್ಲಿ ಚೌಕಟ್ಟು, ಬೆನ್ನ ಮೇಲೆ ಚೀಲ. ದೂರದಲ್ಲಿ ಮನೆಯ ಕಿಟಕಿಯ ಲಾಟೀನು ಕಾಣುತ್ತಿತ್ತು. ಎದೆಮಟ್ಟ ಬೆಳೆದ ಹುಲ್ಲು ಎರಡೂ ಕಡೆ. ಜೀರುಂಡೆ ಕಿರ್ರ್... ಅನ್ನುತ್ತಿತ್ತು.

ನಿಂತಿತು. ಜೀರುಂಡೆ ನಿಂತಿತು.

ಮುಂದೆ ಹೆಜ್ಜೆ ಇಟ್ಟ. ಮೊಣಕಾಲ ಕೆಳಗೆ ಏನೋ ತಗುಲಿತು. ಠಣ್... ತಣ್ಣಗಿತ್ತು. ಕೈಯಿಂದ ಮುಟ್ಟಿದ. ಕಬ್ಬಿಣ. ನೆಲಕ್ಕೆ ಅಡ್ಡ ಬಿದ್ದ ಉದ್ದನೆಯ ಕಬ್ಬಿಣ.

ದಾಟಿದ. ನಾಲ್ಕು ಹೆಜ್ಜೆ ನಡೆದ. ಮತ್ತೆ ಠಣ್. ಈ ಸಲ ದಾಟಲು ಕಾಲೆತ್ತಿದರೆ ಕಬ್ಬಿಣವೂ ಜೊತೆಗೇ ಎದ್ದಿತು.

ಎಡಕ್ಕೆ ತಿರುಗಿದ. ಠಣ್. ಹಿಂದಕ್ಕೆ, ಬಾವಿಯ ಕಡೆಗೆ ಓಡಿದ. ಠಣ್. ಮೂಲೆಯಲ್ಲಿ ಬೆಸುಗೆ ಹಾಕಿದ ಗಂಟು ಬೆರಳಿಗೆ ಸಿಕ್ಕಿತು. ಆ ಗಂಟು ಅವನಿಗೆ ಗೊತ್ತು. ಹೆಗಲು ತಡವಿಕೊಂಡ... ಹೆಗಲಲ್ಲಿ ಚೌಕಟ್ಟಿರಲಿಲ್ಲ.

ಲಾಟೀನು ಅಲ್ಲೇ ಕಾಣುತ್ತಿತ್ತು. ಕೂಗಿದರೆ ಕೇಳುವಷ್ಟು ದೂರ. ಕೂಗಿದ. ಕೂಗು ಕಬ್ಬಿಣ ದಾಟಲಿಲ್ಲ. ಬೇರೆಯವರು ಆಂಜನೇಯನನ್ನು ನೆನೆಯುತ್ತಿದ್ದರು. ಈ ಮಹಾರಾಯನ ಬಾಯಿಗೆ ಬಂದದ್ದು ಸ್ಟೆಪ್, ಪ್ರೇರಿ, ಪಂಪಾ, ಸವನ್ನಾ... ಬಯಲು ಬಯಲೆಂದು ಜಪಿಸಿದ. ಜಗತ್ತಿನ ಅಷ್ಟೂ ಬಯಲುಗಳ ಹೆಸರು ಹೇಳಿದರೂ ಕಾಲ ಮುಂದಿನ ಕಬ್ಬಿಣ ಸರಿಯಲಿಲ್ಲ.

ಆಗ ಕೇಳಿಸಿತು.

ಸರಕ್... ಪೊತ್.

ಹುಲ್ಲು ಕೊಯ್ದು ಪಕ್ಕಕ್ಕೆ ಹಾಕಿದ ಸದ್ದು. ಬಲಗಡೆ ಅಂಚಿನಲ್ಲಿ.

ಸರಕ್... ಪೊತ್. ಎಡಗಡೆಯಲ್ಲೂ. ಬೆನ್ನ ಹಿಂದೆಯೂ.

ಅಂಚಿನಿಂದ ನಡುವಿಗೆ. ಅಚ್ಯುತನಿಗೆ ಅರ್ಥವಾಯಿತು. ಮಧ್ಯಾಹ್ನ ತಾನು ಕೊಯ್ದದ್ದೂ ಹೀಗೇ. ಒಳಗೆ ಒಂದು ಎಸಳೂ ನಿಲ್ಲಬಾರದು. ಈಗ ಒಳಗೆ ನಿಂತಿರುವವನು ತಾನು... ವೈದೇಹಿ ಒಬ್ಬಳೇ ಬಾಗಿಲು ಕಾಯುತ್ತಿದ್ದಾಳೆ, ಮಗುವಿನ ಮುಖ ಇನ್ನೂ ನೋಡಿಲ್ಲ. ಹೆದರಿಕೆಗಿಂತ ಆ ಸಂಕಟವೇ ಹೆಚ್ಚಾಯಿತಂತೆ ಅವನಿಗೆ.

ಸರಕ್. ಪ್ಯಾಂಟಿನ ಅಂಚಿಗೆ ಗಾಳಿ ತಾಗಿತು.

ಚೀಲದ ಬಾಯಿ ಹರಿದು ಹುಲ್ಲನ್ನೆಲ್ಲಾ ನೆಲಕ್ಕೆ ಸುರಿದ. ಎರಡೂ ಕೈಯಿಂದ ಹರಡಿದ.

"ಲೇ ಲೋ... ತಗೋ, ಭಾಯಿ. ನಿಂದೇ. ಎಲ್ಲಾ ತಗೋ."

ಕುಡುಗೋಲು ನಿಂತಿತು.

ಯಾರೋ ಹುಲ್ಲನ್ನು ಬಾಚಿ ಬಾಚಿ ಎತ್ತಿದ ಸದ್ದು. ಆಮೇಲೆ ಸುಮ್ಮನಾಯಿತು. ಕಿವಿಯ ಹತ್ತಿರ, ಬಲು ಮೆಲ್ಲಗೆ...

"ಓಛುಂ ಛೆ."

ಕಡಿಮೆ ಇದೆ ಅಂತ.

ಪೊಟ್ಟಣ ನೆನಪಾಯಿತು. ಒಲೆಯಲ್ಲಿತ್ತು, ಊರಿನಲ್ಲಿ, ಬೀಗ ಹಾಕಿದ ಆಫೀಸಿನಲ್ಲಿ.

"ಒಂದು ಹಿಡಿ," ಅಂದ ಅಚ್ಯುತ. "ಒಂದೇ ಹಿಡಿ. ಈಗ ನನ್ನ ಹತ್ತಿರ ಇಲ್ಲ. ಮನೆಗೆ ಬಿಡು... ಆಮೇಲೆ ನೀನೇ ತಗೋ."

ಹಾಗಂದದ್ದು ಅವನೇ. ನೀನೇ ತಗೋ ಅಂದ. ಎಲ್ಲಿಂದ ಅಂತ ಹೇಳಲಿಲ್ಲ.

ಜೀರುಂಡೆ ಕಿರ್ರ್ ಅಂತು. ಕಾಲು ಎತ್ತಿ ಇಟ್ಟ. ಕಬ್ಬಿಣ ಇರಲಿಲ್ಲ. ಹೇಗೆ ಓಡಿದನೋ ಅವನಿಗೇ ತಿಳಿಯದು. ಬಾಗಿಲು ಬಡಿದಾಗ ಒಳಗಿಂದ ನರಳುವ ಸದ್ದು. ವೈದೇಹಿ ಗೋಡೆ ಹಿಡಿದು ಬಂದು ಚಿಲಕ ತೆಗೆದಳು.

"ಎಲ್ಲಿ ಹೋಗಿದ್ರಿ? ಬ್ಯಾನಿ ಸುರು ಆಗೇದ್ರೀ..."

ಪಕ್ಕದ ಮನೆಯವರು ಸೂಲಗಿತ್ತಿಯನ್ನು ಕರೆತಂದರು. ಬೆಳಕು ಹರಿಯುವ ಮುಂಚೆ ಹೆಣ್ಣು ಮಗು. ತಾಯಿ ಮಗು ಇಬ್ಬರೂ ಸುಖ. ಅಚ್ಯುತ ಬಾಗಿಲ ಹೊರಗೆ ಕೂತು ಬಿಕ್ಕಿ ಬಿಕ್ಕಿ ಅತ್ತನಂತೆ.

ಮಗುವಿಗೆ ಎರೆಯುತ್ತಿದ್ದ ಸೂಲಗಿತ್ತಿ ಒಳಗಿಂದ ಕೇಳಿದಳು.

"ಇದರ ಕೂದಲು ಯಾರು ಕತ್ತರಿಸಿದ್ದು?"

ಯಾರು ಕತ್ತರಿಸುತ್ತಾರೆ? ಆಗಷ್ಟೇ ಹುಟ್ಟಿದ ಮಗು. ತಲೆ ತುಂಬ ಕಪ್ಪು ಕೂದಲು. ನಡುನೆತ್ತಿಯಲ್ಲಿ ಮಾತ್ರ ಒಂದು ಚೌಕ, ಬುಡಕ್ಕೆ ಹಚ್ಚಿ ಕೊಯ್ದ ಹಾಗೆ. ನಾಲ್ಕೂ ಕಡೆ ಅಂಚು ನೇರ.

ಮಧ್ಯಾಹ್ನ ಅಚ್ಯುತ ಒಲೆಯಲ್ಲಿದ್ದ ಪೊಟ್ಟಣ ತೆಗೆಸಿಕೊಂಡು ಪಾಳಿಯಾ ಕಲ್ಲಿನ ಹತ್ತಿರ ಹೋದ. ಒಣಗಿದ ಆ ಹಿಡಿಯನ್ನು ಕಲ್ಲಿನ ಬುಡಕ್ಕೆ ಇಟ್ಟು, ತಪ್ಪಾಯಿತೆಂದು ಅಡ್ಡಬಿದ್ದ. ಸಂಜೆ ನೋಡಿದರೆ ಅದು ಮನೆಯ ಹೊಸಿಲ ಮೇಲಿತ್ತು. ಅವನು ಕಟ್ಟಿದ ಕಾಗದದಲ್ಲೇ, ಅವನು ಹಾಕಿದ ಗಂಟಿನಲ್ಲೇ.

ಸುಳ್ಳು ಅನ್ನಬೇಡಿ. ಆ ಮಗು ತಾರಾ, ಈಗ ಅಹಮದಾಬಾದಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಜವಳ ತೆಗೆಸಿದ ಮೇಲೆ ತಲೆಯೆಲ್ಲಾ ಕೂದಲು ಬಂತು, ಅಲ್ಲಿ ಬರಲಿಲ್ಲ. ಮದುವೆಯಲ್ಲಿ ಅವಳಿಗೆ ಎಣ್ಣೆ ಹಚ್ಚಿ ಜಡೆ ಹಾಕಿದವಳು ನಾನೇ. ನಾಲ್ಕು ಮೂಲೆಯೂ ಬೆರಳಿಗೆ ಸಿಕ್ಕಿದವು.