ಒಂದೂ ರೋಜಾ ತಪ್ಪಲಿಲ್ಲ

ಸೋಫಾ ತಾನೇ, ಹೋದ್ರೆ ಹೋಗ್ಲಿ ಅಂತ ನೀನೂ ಶುರು ಮಾಡ್ಬೇಡ ಜಯಮಾಲಾ! ಹಾಲಿನ ಬಣ್ಣದ ಸೋಫಾ ಕಣೇ. ಹೊಸಾದು. ಈದ್ ವಾರದ ಮಧ್ಯೆ ಬಂತಲ್ಲ, ಎಲ್ರಿಗೂ ಆಫೀಸು, ಅದಕ್ಕೆ ನಿನ್ನೆ ಶನಿವಾರ ಈದ್ ಊಟ ಇಟ್ಕೊಂಡಿದ್ರು. ಮನೆ ತುಂಬ ಜನ. ಬಿರಿಯಾನಿ ತಟ್ಟೆ ಹಿಡ್ಕೊಂಡು ಎದ್ದೆ, ತಿರುಗಿ ನೋಡ್ತೀನಿ... ಕೆಂಪು. ಇಷ್ಟಗಲ. ತಲೆ ಗಿರ್ರ್ ಅಂತು, ಬಿದ್ದೇ ಹೋದೆ. ಬೇರೆ ಯಾರ ಮನೇಲಾದ್ರೂ ಆಗಿದ್ರೆ ಸಹಿಸ್ಕೋತಿದ್ದೆ. ನಮ್ ಜೊತೆ ನಮಾಜ್‌ಗೆ ಬರ್ತಾಳಲ್ಲ, ಆ ಇಫ್ಫತ್ ಮನೇಲೇ ಆಗ್ಬೇಕಿತ್ತಾ?

ಅವಳೇನ್ ಮಾಡಿದ್ಲು ಗೊತ್ತಾ? ನನ್ನ ಒಳಗೆ ಮಲಗಿಸಿ, ವಾಪಸ್ ಹೋಗಿ, ತನ್ನ ಹೊಸ ದುಪಟ್ಟಾನ ಕಲೆ ಮೇಲೆ ಹಾಸಿ, ಅದ್ರ ಮೇಲೆ ತಾನೇ ಕೂತ್ಬಿಟ್ಲು! ಎಲ್ರೂ ಹೋಗೋವರ್ಗೂ ಎದ್ದಿಲ್ವಂತೆ. ಬೈದಿದ್ರೆ ನಂಗೆ ನೆಮ್ಮದಿಯಾಗಿರೋದು. ಒಳ್ಳೆಯವಳು ಬೇರೆ ಆಗ್ಬೇಕು ಅವಳು!

ಹೂಂ, ರಕ್ತ ಇನ್ನೂ ಹೋಗ್ತಿದೆ. ನಿನ್ನೆಯಷ್ಟಿಲ್ಲ... ಸರಿ, ನಿನ್ನೆಯಷ್ಟೇ ಇದೆ. ಗಡ್ಡೆ ಗಡ್ಡೆ. ಸೊಂಟ ಬಿದ್ದೇ ಹೋಗಿದೆ. ಆಸ್ಪತ್ರೆಗೆ ನಡಿ ಅಂತ ರಹೀಮ್ ರಾತ್ರಿಯೆಲ್ಲ ಜಗಳ. ನಾನೇ, ಬೇಡ ಕಣ್ರೀ, ಜಯಮಾಲಾ ಬರ್ಲಿ ಅಂದೆ. ಕಿಲ್ಕೆನ್ನಿಯಿಂದ ಇಷ್ಟು ದೂರ ಡ್ರೈವ್ ಮಾಡ್ಕೊಂಡು ಬಂದಿದೀಯ, ಹೈಸ್ಕೂಲ್ ಗೆಳತಿ ಥರ ಕೂತ್ಕೊಳೇ. ಆ ಡಾಕ್ಟರ್ ಮುಖ ತೆಗಿ. ಮಾತ್ರೆನಾ? ಐರನ್ ಬಿಟ್ರೆ ಏನೂ ಇಲ್ಲ ಅಂದೆನಲ್ಲ. ಎಷ್ಟ್ ಸಲ ಕೇಳ್ತೀಯಾ?

ಇಲ್ಲಿನ ಜಿಪಿ ಡಾಕ್ಟರ್ ಹತ್ರ ಹೋಗಿದ್ದೆ, ಚಳಿಗಾಲದಲ್ಲಿ. ಒಳ್ಳೆ ಹೆಂಗಸು. ಮುಟ್ಟು ನಿಲ್ಲೋಕೆ ಮುಂಚೆ ಹಿಂಗಾಗೋದುಂಟು, ಹಲ್ಲು ಕಚ್ಕೊಂಡು ಇರ್ಬೇಕು ಅಂತೇನಿಲ್ಲ ಅಂದ್ಲು. ಮೊದ್ಲು ಸ್ಕ್ಯಾನು. ಆಮೇಲೆ ಸ್ರಾವ ಕಮ್ಮಿ ಮಾಡೋ ಮಾತ್ರೆ ಇದೆ, ಒಳಗೆ ಕೂರಿಸೋ ಹಾರ್ಮೋನ್ ಕಾಯ್ಲ್ ಇದೆ, ಒಳಪದರ ಸುಡ್ತಾರಂತೆ, ಯಾವುದೂ ಆಗ್ದಿದ್ರೆ ಗರ್ಭಕೋಶ ತೆಗೆಯೋದು. ನಾನು ಎಲ್ಲದಕ್ಕೂ ಇಲ್ಲಿಯವ್ರ ಥರ 'ಗ್ರ್ಯಾಂಡ್, ಗ್ರ್ಯಾಂಡ್' ಅಂದೆ, ಎದ್ದು ಬಂದೆ. ಸ್ಕ್ಯಾನಿಗೂ ಹೋಗ್ಲಿಲ್ಲ.

ಯಾಕಾ? ಕಾಯ್ಲ್ ಇಫ್ಫತ್ ಹಾಕಿಸ್ಕೊಂಡಿದಾಳೆ, ಅದಕ್ಕೆ! ಅವಳಿಗೂ ನನ್ನ ಥರಾನೇ ಆಗ್ತಿತ್ತು. ಈಗ ನೋಡು, ಬಿಳೀ ಸಲ್ವಾರ್ ಹಾಕ್ಕೊಂಡು ಓಡಾಡ್ತಾಳೆ. ಬಿಳೀದು ಕಣೇ! ನಾನು ಕರೀದು ಬಿಟ್ಟು ಬೇರೆ ಬಣ್ಣ ಮುಟ್ಟಿ ಯಾವ ಕಾಲ ಆಯ್ತೋ. ನಾನೂ ಕಾಯ್ಲ್ ಹಾಕಿಸ್ಕೊಂಡೆ ಅಂದ್ರೆ, 'ನಾನ್ ಹೇಳಿರ್ಲಿಲ್ವಾ ಶಹನಾಜ್' ಅಂತಾಳೆ, ಆ ಮೆತ್ತನೆ ದನೀಲಿ. ಅದನ್ನ ಕೇಳೋಕ್ಕಿಂತ ಹಿಂಗೇ ಸೋರೋದು ವಾಸಿ! ಬಾಯಿ ಮುಚ್ಕೊಂಡು ನಗ್ತೀಯಾ? ನಗು. ಹೊಟ್ಟೆಕಿಚ್ಚೇ. ನಿನ್ ಹತ್ರ ನಂಗೇನ್ ನಾಚಿಕೆ? ಉರಿಯುತ್ತೆ ಕಣೇ, ಧಗಧಗ ಅಂತ.

ಹೋದ್ ವರ್ಷದ ರಂಜಾನ್ ನೆನೆಸ್ಕೊಂಡ್ರೆ... ನಿಮ್ಮಲ್ಲಿ ದೇವ್ರ ಮನೆಗೆ ಹೋಗಲ್ವಲ್ಲ ಆ ದಿನ, ನಮ್ಗೂ ಹಂಗೇ. ನಮಾಜ್ ಇಲ್ಲ, ರೋಜಾ ಉಪವಾಸ ಇಲ್ಲ, ತಪ್ಪಿದ ರೋಜಾ ಆಮೇಲೆ ತೀರಿಸ್ಬೇಕು. ಬೇರೆಯವ್ರಿಗೆ ಒಂದು ವಾರ. ನಂಗೆ ನಿಂತ್ರೆ ಶುರು, ಶುರುವಾದ್ರೆ ನಿಲ್ಲಲ್ಲ. ಹೆಂಗಸ್ರೆಲ್ಲ ನಮಾಜ್ ಹಾಲ್‌ನಲ್ಲಿ ಸಾಲಾಗಿ ನಿಂತ್ರೆ ನಾನು ಹಿಂದೆ, ಶೂಗಳ ಪಕ್ಕ, ಬೇರೆಯವ್ರ ಮಕ್ಳನ್ನ ನೋಡ್ಕೊಂಡು. ಇಫ್ಫತ್ ಮಾತ್ರ ದಿನಾ ಮೊದಲ್ನೇ ಸಾಲಲ್ಲಿ.

ಆದ್ರೆ ಈ ವರ್ಷ ಕೇಳು! ಒಂದೂ ರೋಜಾ ತಪ್ಪಲಿಲ್ಲ! ಪೂರಾ ತಿಂಗಳು! ಒಂದು ಹನಿ ರಕ್ತ ಇಲ್ಲ! ಇಫ್ಫತ್‌ಗೆ ಜ್ವರ ಬಂದು ಒಂದು ತಪ್ಪೋಯ್ತು, ಗೊತ್ತಾ? ನಂದು ಪೂರ್ತಿ! 'ಮಾಶಾ ಅಲ್ಲಾಹ್ ಶಹನಾಜ್' ಅಂದ್ಲು, ನಿಜ್ವಾಗ್ಲೂ ಖುಷಿಯಾಗಿ ಅಂದ್ಲು. ಅದೂ ಉರೀತು ನಂಗೆ...

ಏನಾಯ್ತು? ಯಾಕೆ ಬೆರಳು ಮಡಿಸಿ ದಿನ ಎಣಿಸ್ತಿದೀಯ?

ಅಲ್ಲಾಹ್‌ನ ದಯೆ ಅಂದ್ಕೋ. ಅವನು ಮನ್ಸು ಮಾಡಿದ್ರೆ ಆಗಲ್ವಾ? ತಿಂಗಳೆಲ್ಲ ಹರೀತಿದ್ದೋಳಿಗೆ ಸರಿಯಾಗಿ ರಂಜಾನ್‌ಗೇ ನಿಂತು, ಈದ್ ಆಗ್ತಿದ್ದಂಗೆ ಕಟ್ಟೆ ಒಡೆದಂಗೆ... ಹೂಂ, ನಂಗೂ ಆಶ್ಚರ್ಯನೇ. ಹಂಗ್ ನೋಡ್ಬೇಡ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಕೆ ನಾನೇನ್... ಬೈಯಿ.

ಆಯ್ತು. ತಗೊಂಡೆ.

ಶಿವಾಜಿನಗರದಿಂದ ನಮ್ಮಕ್ಕ ಕಳ್ಸಿದ್ಲು, ಖರ್ಜೂರದ ಡಬ್ಬಿ ಜೊತೆ. ಮುಟ್ಟು ಮುಂದಕ್ಕೆ ಹಾಕೋ ಮಾತ್ರೆ. ಉಮ್ರಾ ಯಾತ್ರೆಗೆ ಹೋಗೋರು ತಗೊಳ್ಳಲ್ವಾ? ನಿಮ್ಮಲ್ಲೂ ಮದ್ವೆ, ಪೂಜೆ ಅಂತ ತಗೋತಾರಲ್ಲ, ಅದೇ. ಅವ್ರು ನಾಕು ದಿನಕ್ಕೆ ತಗೋತಾರೆ, ನಾನು ತಿಂಗಳು ಪೂರ್ತಿ ನುಂಗ್ದೆ. ಮಧ್ಯೆ ಒಂಚೂರು ಕಲೆ ಕಾಣಿಸ್ತು, ಎರಡೆರಡು ಹಾಕ್ದೆ. ಯಾರನ್ನ ಕೇಳ್ಲಿ? ನಿನ್ನ ಕೇಳಿದ್ರೆ ಬೇಡ ಅಂತಿದ್ದೆ. ಈದ್ ಚಾಂದ್ ಕಂಡ್ತು ಅಂತ ನಿಲ್ಸಿದೆ, ಮೂರ್ನೇ ದಿನ ಇಫ್ಫತ್ ಸೋಫಾ.

ಯಾಕೆ ಕಾಲು ಒತ್ತಿ ನೋಡ್ತಿದೀಯ? ಮಾತ್ರೆಗೆ ರಕ್ತ ಹೆಪ್ಪುಗಟ್ಟಿರ್ಬಹುದು ಅಂತಾನಾ? ನೋವಿಲ್ಲ. ಉಸಿರೂ ಸರಿಯಾಗಿದೆ. ಈಗ್ಲೇ ಆಸ್ಪತ್ರೆಗಾ? ಬರ್ತೀನಿ ಮಾರಾಯ್ತಿ, ಬರ್ತೀನಿ. ಮಾತ್ರೆ ವಿಷಯ ಅಲ್ಲಿ ನಾನೇ ಬಾಯಿಬಿಟ್ಟು ಹೇಳ್ತೀನಿ. ಕಾಯ್ಲ್ ಹಾಕ್ಲಿ, ಸುಡ್ಲಿ, ಏನ್ ಬೇಕಾದ್ರೂ ಮಾಡ್ಲಿ. ಸಾಕಾಗಿದೆ. ಆದ್ರೆ ಒಂದ್ನಿಮಿಷ ಕೂತ್ಕೋ. ಬರೀ ರೋಜಾಗೋಸ್ಕರ ಅಂದ್ಕೊಂಡ್ಯಾ? ಅಲ್ಲಾಹ್ ಹೆಂಗಸ್ರಿಗೆ ಆ ದಿನ ರಜ ಕೊಟ್ಟಿದಾನೆ, ನಂಗ್ ಗೊತ್ತಿಲ್ವಾ?

ಆಲಿಯಾ ಕಣೇ. ನನ್ ಮಗಳು. ಹೋದ್ ವರ್ಷ ನಾನು ಶೂಗಳ ಹತ್ರ ಕೂತಿದ್ರೆ ಅವಳು ನೆಟ್ಟಗೆ ಹೋಗಿ ಇಫ್ಫತ್ ಪಕ್ಕ ನಿಂತ್ಲು. ನಮಾಜ್‌ಗೆ ಭುಜಕ್ಕೆ ಭುಜ ತಾಗಿಸಿ ನಿಲ್ಬೇಕು ನಾವು. ಹಿಂದಿಂದ ನೋಡ್ತಾ ಇದ್ದೆ, ಇಬ್ರೂ ಒಟ್ಟಿಗೆ ಬಗ್ಗೋದು, ಒಟ್ಟಿಗೆ ಏಳೋದು. ಆವತ್ತಿಂದ ಎಲ್ಲದಕ್ಕೂ ಇಫ್ಫತ್ ಆಂಟಿ. ಮೊದಲ್ನೇ ಸಲ ಮುಟ್ಟಾದಾಗ್ಲೂ ನಂಗೆ ಹೇಳ್ಲಿಲ್ಲ, ಅವಳಿಗೆ ಫೋನ್ ಮಾಡಿದ್ಲು! ಯಾಕೆ ಅಂದ್ರೆ, 'ಯೂ ಆರ್ ಆಲ್ವೇಸ್ ಸಿಕ್, ಮಮ್' ಅಂದ್ಲು. ಹೆತ್ತ ಹೊಟ್ಟೆ ಉರಿಯದೆ ಇರುತ್ತಾ ಜಯಾ?

ಈ ವರ್ಷ ನನ್ನ ಪಕ್ಕ ನಿಂತ್ಲು. ಅವಳ ರಜದ ದಿನ ಬಿಟ್ರೆ ದಿನಾ. ಅವಳ ಭುಜ ನನ್ ತೋಳಿಗೆ ತಾಗ್ತಿತ್ತು. ಅಷ್ಟೇ ಬೇಕಿತ್ತು ನಂಗೆ.

ಅವಳಿಗೆ ಹೇಳ್ಬೇಡ. ದಮ್ಮಯ್ಯ. ತಿಂಗಳೆಲ್ಲ ಅವಳ ಪಕ್ಕ ನಿಂತಿದ್ದು ಅಮ್ಮ ಅಲ್ಲ, ಮಾತ್ರೆ ಅಂತ ಗೊತ್ತಾಗ್ಬಾರ್ದು. ಆಯ್ತಾ? ಹೂಂ ಅನ್ನು... ಜಯಾ? ಒಂದ್ಸಲ ಹೂಂ ಅನ್ನೇ...

ಗೊತ್ತು, ನೀನ್ಯಾಕೆ ಹೂಂ ಅಂತಿಲ್ಲ ಅಂತ. ನಾಳೆ ಪರೀಕ್ಷೆ ಅಂತಲೋ, ಮ್ಯಾಚ್ ಅಂತಲೋ ಅವಳೂ ಯಾರನ್ನೂ ಕೇಳದೆ ಹಿಂಗೇ ನುಂಗಿದ್ರೆ... ಯಾ ಅಲ್ಲಾಹ್.

ಅಮ್ಮಂಗೆ ಏನಾಯ್ತು ಅಂತ ಅವಳು ಇವತ್ತೇ ಇಫ್ಫತ್‌ನ ಕೇಳ್ತಾಳೆ. ಇಫ್ಫತ್ ದಡ್ಡಿ ಅಲ್ಲ, ಊಹಿಸಿರ್ತಾಳೆ, ಮೆತ್ತಗೆ ಕೂರಿಸ್ಕೊಂಡು ಎಲ್ಲಾ ಬಿಡಿಸಿ ಹೇಳ್ತಾಳೆ. ಇದೊಂದನ್ನೂ ಇಫ್ಫತ್‌ಗೆ ಬಿಟ್ಕೊಡಲ್ಲ, ನಾನೇ ಹೇಳ್ತೀನಿ. ಕರಿ ಆಲಿಯಾನ. ಮೇಲೆ ರೂಮಲ್ಲಿದಾಳೆ. ಕಾರು ಆಮೇಲೆ ತೆಗಿ.