ಉಪ್ಪು ಹೆಚ್ಚು ಹಾಕಲಾರದ ಸೆರೆಯಾಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಕುರ್ಚಿಗಳು ಸಾಲದಷ್ಟಿರುವ ಮುಖ್ಯ ಅತಿಥಿಗಳೇ, ಊಟದ ಹೊತ್ತಾದರೂ ಎದ್ದುಹೋಗದ ಸಭಿಕರೇ,

ಇವತ್ತು ಸನ್ಮಾನ ನಮ್ಮ ಯಜಮಾನರಿಗೆ, ಮಾತು ನನ್ನದು. ನಮ್ಮ ಮನೆಯಲ್ಲಿ ಯಾವತ್ತೂ ಹಾಗೆಯೇ. ನಾವಿಕರ ಸಂಘದ ಸ್ನೇಹಯಾತ್ರೆಯ ಹಡಗಿಗೆ ಇವರನ್ನು ಅಡುಗೆಗೆ ಕಳುಹಿಸಬೇಕಂತೆ. ಇವರಿಗೂ ಆಸೆ. ಒಪ್ಪಿಗೆ ಮಾತ್ರ ನನ್ನದು ಬೇಕು. ಇಲ್ಲ ಎನ್ನುವುದಕ್ಕೇ ಈ ಮೈಕಿನ ಮುಂದೆ ನಿಂತಿದ್ದೇನೆ.

ಯುದ್ಧದಲ್ಲಿ ಸೆರೆಸಿಕ್ಕರೂ ಇವರು ಶತ್ರುವಿನ ಮುಂದೆ ಬಾಗಲಿಲ್ಲ ಎಂದರು ಅಧ್ಯಕ್ಷರು. ಬಾಗಿದ್ದರು. ಬಾಗದೆ ಸೆರೆಮನೆಯ ಒಲೆ ಊದುವುದು ಹೇಗೆ? ಇವರು ಸರಕು ಹಡಗಿನ ಅಡುಗೆಯವರು. ಅಡುಗೆ ಕಲಿಸಿದವಳು ನಾನು. ಮದುವೆಯಾದಾಗ ಇವರಿಗೆ ನೀರು ಕಾಯಿಸಲೂ ಬರುತ್ತಿರಲಿಲ್ಲ.

ಶತ್ರುವಿನ ಯುದ್ಧನೌಕೆ ಎದುರಾದಾಗ ನಮ್ಮ ಕಪ್ತಾನರು ಬಹಳ ಧೈರ್ಯವಾಗಿ ಬಿಳಿ ಬಾವುಟ ಹುಡುಕಿದರು. ಸಿಗಲಿಲ್ಲ. ಕೊನೆಗೆ ಇವರ ಸೊಂಟದ ಅಡುಗೆ ಬಟ್ಟೆಯನ್ನೇ ಬಿಚ್ಚಿ ಏರಿಸಿದರು. ಅದು ಬಿಳಿ ಎಂದು ಅಷ್ಟು ದೂರದವರಿಗೆ ಹೇಗೆ ತಿಳಿಯಿತು? ಒಗೆದವಳು ನಾನು. ಈ ವಿಷಯ ಸನ್ಮಾನ ಪತ್ರದಲ್ಲಿ ಬಿಟ್ಟುಹೋಗಿದೆ.

ಆಮೇಲೆ ಸೆರೆಯಾಳುಗಳ ವಿನಿಮಯವಾಯಿತು. ಅಲ್ಲಿ ಮುಂದಿನ ಸಾಲಿನಲ್ಲಿ ನೆಲ ನೋಡುತ್ತಾ ಕೂತಿರುವ ನನ್ನ ತಮ್ಮ ಅದೇ ಹಡಗಿಗೆ ಕಲ್ಲಿದ್ದಲು ಹಾಕುತ್ತಿದ್ದವನು. ಅವನು ಬಂದ. ಎಲ್ಲರೂ ಬಂದರು.

"ಭಾವ ಎಲ್ಲೋ?" ಎಂದೆ.

"ಬಿಡ್ಲಿಲ್ಲ ಅಕ್ಕ. ಸೆರೆಮನೆ ಅಧಿಕಾರಿಗೆ ಭಾವನ ಕೈರುಚಿ ಹತ್ತಿಬಿಟ್ಟಿದೆ. ಒಂದು ಹಿಡಿ ಉಪ್ಪು ಜಾಸ್ತಿ ಹಾಕಿ ಭಾವ, ಉಗಿದು ಓಡಿಸ್ತಾರೆ ಅಂತ ಬೇಡ್ಕೊಂಡ್ವಿ. ಕೇಳ್ಬೇಕಲ್ಲ."

ಇವರು ಬಂದದ್ದು ಯುದ್ಧ ಮುಗಿದ ಮೇಲೆಯೇ. ಬಾಗಿಲು ತೆಗೆದ ಮಗಳು, "ಅಮ್ಮಾ, ಯಾರೋ ಬಂದಿದ್ದಾರೆ" ಎಂದಳು.

"ಒಂದು ಹಿಡಿ ಉಪ್ಪು ಹಾಕೋಕೆ ಆಗ್ಲಿಲ್ವಾ ನಿಮಗೆ?" ಎಂದು ಕೇಳಿದೆ.

"ಕೈಗೆ ತಗೊಂಡೆ ಕಣೇ. ನಿನ್ನ ಮುಖ ನೆನಪಾಯ್ತು. ವಾಪಸ್ ಡಬ್ಬಿಗೆ ಹಾಕ್ದೆ."

ಅವತ್ತಿನಿಂದ ಇವರನ್ನು ಒಲೆಯ ಹತ್ತಿರ ಬಿಟ್ಟಿಲ್ಲ. ಶತ್ರುವಾದರೂ ಬಿಡುತ್ತಿದ್ದ ಎಂದು ಇವರು ಗೊಣಗುವುದುಂಟು. ಕುಡಿಯುವ ನೀರೂ ಕೂತಲ್ಲಿಗೇ ಬರುತ್ತದೆ. ಏನು ಕೊರತೆ, ನೀವೇ ಹೇಳಿ?

ಈ ಸ್ನೇಹಯಾತ್ರೆ ಹೋಗುವುದು ಅದೇ ಬಂದರಿಗೆ. ಅವರು ಈಗ ಶತ್ರುಗಳಲ್ಲವಂತೆ. ತೀರ್ಮಾನಿಸಿದವರು ನನ್ನನ್ನಂತೂ ಕೇಳಲಿಲ್ಲ. ಆ ಅಧಿಕಾರಿ ಮುದುಕನಾಗಿ ಇನ್ನೂ ಇದ್ದಾನಂತೆ, ಇವರ ಅಡುಗೆ ಇನ್ನೊಮ್ಮೆ ಉಣ್ಣಬೇಕಂತೆ. ಒಮ್ಮೆ ಉಂಡಿದ್ದಕ್ಕೆ ಬೆಲೆ ತೆತ್ತವಳು ನಾನು. ಆದ್ದರಿಂದ...

ಅಧ್ಯಕ್ಷರೇ, ನಿಮ್ಮ ಪಕ್ಕದಲ್ಲಿ ಇವರು ಕೂತಿದ್ದ ಕುರ್ಚಿಯಲ್ಲಿ ಈಗ ಹೂಗುಚ್ಛ ಮಾತ್ರ ಇದೆ.

ಹಿಂದಿನ ಅಡುಗೆಮನೆಯಿಂದ ಬರುತ್ತಿರುವ ಈರುಳ್ಳಿಯ ಪರಿಮಳ ನಿಮ್ಮ ಗುತ್ತಿಗೆಯವರದಲ್ಲ. ಅಷ್ಟು ಸಣ್ಣ ಉರಿಯಲ್ಲಿ ಹುರಿಯಲು ಕಲಿಸಿದವಳು ನಾನು.

ಸರಿ. ರುಚಿ ನಾನು ನೋಡುತ್ತೇನೆ. ಉಪ್ಪು ಒಂದು ಚಿಟಿಕೆ ಹೆಚ್ಚಿದ್ದರೂ ಹಡಗು ಇವರಿಲ್ಲದೆ ಹೊರಡಲಿ. ಹೆಚ್ಚಿರುವುದಿಲ್ಲ, ನನಗೆ ಗೊತ್ತು. ಹಾಗಾಗಿ ಹಡಗಿನಲ್ಲಿ ಇನ್ನೊಬ್ಬರಿಗೆ ಜಾಗ ಮಾಡಿ. ಈ ಸಲವೂ ಬಿಡುವುದಿಲ್ಲ ಎಂದರೆ ಆ ಮುದುಕನನ್ನು ಕೇಳಲು ಒಬ್ಬರು ಬೇಕಲ್ಲ.

ಹಸಿದುಕೊಂಡೂ ಕೇಳಿದ ನಿಮಗೆಲ್ಲ ಉಪಕಾರ, ನಮಸ್ಕಾರ. ಊಟಕ್ಕೆ ಏಳಿ. ಮೊದಲ ತಟ್ಟೆ ನನ್ನದು.