ಮಳೆ ಬಂದರೆ ಮಾಳಿಗೆಗೆ ಓಡುವ ಹುಡುಗಿ

ಗೋಕಾಕದ ಆಸ್ಪತ್ರೆಯೊಂದರಲ್ಲಿ ಮೊಣಕಾಲು ತೋರಿಸಲು ಬಂದಿದ್ದ ಸುಂದ್ರವ್ವನ ಬೆಂಚಿಗೇ ಒಬ್ಬ ತಾಯಿ ತನ್ನ ಹೈಸ್ಕೂಲು ಮಗಳೊಂದಿಗೆ ಬಂದು ಕೂತಳು. ಎದುರಿನ ಬಾಗಿಲ ಮೇಲೆ ‘ಮಾನಸಿಕ ಆರೋಗ್ಯ’ ಎಂದು ಬರೆದಿತ್ತು. ಇಷ್ಟು ಎಳೆಯ ಹುಡುಗಿಗೆ ಅಲ್ಲೇನು ಕೆಲಸ ಎಂದು ಸುಂದ್ರವ್ವನ ಕಿವಿ ನೆಟ್ಟಗಾಯಿತು.

“ಮಳಿ ಬಂದ್ರ ಪಾಠ ಬಿಟ್ಟು ಸಾಲಿ ಮಾಳಿಗಿಗೆ ಓಡತಿಯಂತ. ಅಲ್ಲಿಂದ ಹೊಳಿ ಕಾಣತೈತೇನ?” ತಾಯಿ ಕೇಳಿದಳು.

“ಇಲ್ಲ. ನಮ್ಮೂರ ಕಡೆ ಮೋಡ ಕಾಣತಾವ.”

“ಹೊಳಿ ಊರಾಗ ಹೊಕ್ಕು ವರ್ಷಾತು. ಈಗ್ಯಾಕ ಅಂಜತಿ?”

“ಮನ್ಯಾಗ ನೀ ಒಬ್ಬಾಕಿನ ಇರ್ತಿ. ಅವತ್ತೂ ಒಬ್ಬಾಕಿನ ಇದ್ದಿ.”

“ಒಬ್ಬಾಕಿ ಯಾಕ, ಕೋಳಿ ಇತ್ತಲ್ಲ! ಅದನ್ನ ಅವಚಿ ಹಿಡಕೊಂಡು ಮಾಳಿಗಿ ಮ್ಯಾಲ ಕುಂತಿದ್ನಿ.” ತಾಯಿ ನಕ್ಕಳು. ಸುಂದ್ರವ್ವನಿಗೂ ನಗು ಬಂತು.

ಹುಡುಗಿ ನಗಲಿಲ್ಲ. “ಎಲ್ಲಾರಿಗೂ ಹಿಂಗ ನಕ್ಕೋತ ಹೇಳತಿ. ನೀ ಅದಿಯೋ ಇಲ್ಲೋ ಅಂತ ಸಾಲ್ಯಾಗಿದ್ದ ನನಗ ಸಂಜಿತನಕಾ ಗೊತ್ತಿರಲಿಲ್ಲ ಯವ್ವಾ.”

ತಾಯಿ ಸೆರಗಿನ ಅಂಚು ತಿರುವತೊಡಗಿದಳು.

“ನಕ್ಕೋತ ಹೇಳದಿದ್ರ ನನಗ ಅಳು ಬರತೈತವ್ವಾ.”

ಮಗಳು ಅವಳ ಮುಖವನ್ನೇ ನೋಡಿದಳು. “ನಿನಗೂ ಅಂಜಿಕಿ ಆಗತೈತಿ?”

“ಮೋಡ ಕಂಡ್ರ ಸಾಕು.”

“ಮತ್ತ ನನಗ ಯಾಕ ಹೇಳಲಿಲ್ಲ?”

“ನೀ ಇನ್ನಷ್ಟು ಅಂಜಿದರ ಅಂತ.”

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದಳು. “ಸೃಷ್ಟಿ ಯಾರವ್ವಾ? ಮೊದಲ ನೀ ಒಬ್ಬಾಕಿ ಬಾ.”

ಹುಡುಗಿ ತಾಯಿಯ ಕೈ ಹಿಡಿದು ಎಬ್ಬಿಸಿದಳು.

“ಇಬ್ಬರೂ ಬರತೇವ್ರಿ ಸಿಸ್ಟರ್. ನಮ್ಮವ್ವನೂ ಹೇಳೂದೈತಿ.”